ಖಾರದ ಕೈ

ಸ್ನೇಹಾ ಅತ್ತರೆ ಸದ್ದು ಬರುವುದಿಲ್ಲ. ಬಾಯಿ ತೆರೆಯುತ್ತದೆ, ಮುಖ ಕೆಂಪಗಾಗುತ್ತದೆ, ಕಣ್ಣೀರು ಧಾರಾಕಾರ ಇಳಿಯುತ್ತದೆ, ದನಿ ಮಾತ್ರ ಇಲ್ಲ. ಕೊರಳ ಬುಡದಲ್ಲಿ ತೂತು ಕೊರೆದು ಕೂರಿಸಿದ ಸಣ್ಣ ನಳಿಗೆಯಿಂದ ಸುಯ್ ಸುಯ್ ಎಂದು ಉಸಿರು ಆಡುತ್ತದೆ, ಅಷ್ಟೇ. ಬೇರೆ ತಾಯಂದಿರಿಗೆ ಕಿವಿಯೊಂದಿದ್ದರೆ ಸಾಕು, ಅಡುಗೆ ಮನೆಯಲ್ಲಿರಲಿ, ಹಿತ್ತಲಲ್ಲಿರಲಿ, ಮಗು ಕಿರುಚಿದರೆ ಓಡಿ ಬರುತ್ತಾರೆ. ಶ್ರೀದೇವಿಗೆ ಕಣ್ಣೇ ಬೇಕು. ಮೂರು ವರ್ಷದ ಮಗಳ ಮೇಲಿಂದ ಕಣ್ಣು ತೆಗೆದಾಗ ಕಫ ಬಂದು ನಳಿಗೆ ಕಟ್ಟಿತೋ, ಮುಗಿಯಿತು, ಪಕ್ಕದ ಖೋಲಿಯವರಿಗೂ ಗೊತ್ತಾಗದ ಹಾಗೆ ಕೂಸು ನೀಲಿಗಟ್ಟಿ ಹೋಗುತ್ತದೆ. ಹಾಗಾಗಿ ಬ್ಯಾಡಗಿಯ ಆ ಎರಡು ಖೋಲಿಯ ಮನೆಯಲ್ಲಿ ಅವಳು ಎರಡು ವರ್ಷದಿಂದ ಕೂಸನ್ನು ಬಿಟ್ಟು ಒಳಖೋಲಿಯಿಂದ ಕದಲಿರಲಿಲ್ಲ. ಬಣ್ಣ ಕಟ್ಟಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಸ್ನಾನಕ್ಕೆ ಹೋದರೂ ಬಚ್ಚಲ ಬಾಗಿಲು ತೆರೆದಿಟ್ಟು, ಕೂಸಿನ ಹಾಸಿಗೆ ಕಾಣುವಂತೆ ಕುಳಿತೇ ನೀರು ಹಾಕಿಕೊಳ್ಳುತ್ತಿದ್ದಳು.

ಒಂದು ವರ್ಷದ ಕೂಸಿದ್ದಾಗ ಸ್ನೇಹಾಗೆ ನ್ಯುಮೋನಿಯಾ ಆಗಿ ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಬಹಳ ದಿನ ಉಸಿರಿನ ಯಂತ್ರಕ್ಕೆ ಹಾಕಿದ್ದರು. ಜೀವ ಉಳಿಯಿತು. ಆದರೆ ಗಂಟಲೊಳಗಿನ ಉಸಿರಿನ ದಾರಿ ಗಾಯವಾಗಿ, ಮಾಯುವಾಗ ಮುದುಡಿಕೊಂಡುಬಿಟ್ಟಿತು. ಕೂಸು ಒಂದಿಷ್ಟು ದೊಡ್ಡದಾದ ಮೇಲೆ ಆಪರೇಶನ್ ಮಾಡಿ ಅದನ್ನು ಅಗಲ ಮಾಡೋಣ, ಅಲ್ಲಿಯ ತನಕ ಈ ನಳಿಗೆಯೇ ಮೂಗು ಎಂದು ಡಾಕ್ಟರು ಹೇಳಿ ಕಳಿಸಿದರು. ಜೊತೆಗೆ ಕಫ ಎಳೆಯುವ ಯಂತ್ರವೊಂದು ಬಂತು. ಕರೆಂಟು ಹೋದಾಗ ಕಾಲಲ್ಲಿ ತುಳಿಯುವ ಪಂಪೊಂದು ಬಂತು. ಬ್ಯಾಡಗಿಯಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಮೇಲಾಗಿ ಮೆಣಸಿನಕಾಯಿಯ ಊರು. ಹೊರಗಿನವರು ಅದರ ಬಣ್ಣ ಹೊಗಳುತ್ತಾರೆ, ಒಳಗಿನವರು ಅದರ ಘಾಟು ಉಣ್ಣುತ್ತಾರೆ. ಸುಗ್ಗಿಯಲ್ಲಿ ಗಾಳಿ ಪೇಟೆಯ ಕಡೆಯಿಂದ ಬೀಸಿದರೆ ಕೂಸಿನ ಕಫ ಇಮ್ಮಡಿಯಾಗುತ್ತಿತ್ತು. ಶ್ರೀದೇವಿ ಕಿಟಕಿಗೆ ಒದ್ದೆ ಸೀರೆ ಕಟ್ಟಿ ಆ ಕತ್ತಲಲ್ಲೇ ಕುಳಿತಿರುತ್ತಿದ್ದಳು.

ಹೀಗಿರುವಾಗ ಕರ್ಜಗಿಯಿಂದ ಅವಳ ಅಣ್ಣ ಗಿರಿಯಪ್ಪನ ಫೋನು ಬಂತು. ಗಂಡ ಸುನೀಲ ಮೊಬೈಲನ್ನು ಅವಳ ಕಿವಿಗೆ ಹಿಡಿದ. ಅವಳ ಎರಡೂ ಕೈ ಕೂಸಿನ ಕೊರಳಲ್ಲಿದ್ದವು.

"ಶ್ರೀದೇವಿ, ಅವ್ವಂದು ಭಾಳ ದಿನ ಇಲ್ಲವಾ. ಹೊಟ್ಟ್ಯಾಗ ನೀರ ತುಂಬೇತಿ. ದವಾಖಾನ್ಯಾಗ ಇನ್ನ ಮನಿಗೆ ಕರಕೊಂಡು ಹೋಗ್ರಿ ಅಂದ್ರು. ಎಚ್ಚರಿದ್ದಾಗೆಲ್ಲಾ ನಿನ್ನ ಹೆಸರ ತೆಗೀತಾಳ."

"ಹೆಂಗ ಬರಲೋ ಅಣ್ಣಾ?" ಎಂದಳು ಶ್ರೀದೇವಿ.

ಬ್ಯಾಡಗಿಯಿಂದ ಕರ್ಜಗಿಗೆ ಹಾವೇರಿಯಲ್ಲಿ ಒಂದು ಬಸ್ಸು ಬದಲಿಸಿದರೆ ಮುಗಿಯಿತು, ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಜನ ಅಮೆರಿಕಕ್ಕೆ ಹೋಗಿ ಬರುತ್ತಾರೆ, ಇವಳಿಗೆ ಕರ್ಜಗಿ ಇಲ್ಲ. ಒಮ್ಮೆ ಕೂಸನ್ನು ಕಟ್ಟಿಕೊಂಡೇ ಹೊರಟಿದ್ದಳು. ಮೋಟೆಬೆನ್ನೂರು ದಾಟುವುದರೊಳಗೆ ಧೂಳಿಗೆ ನಳಿಗೆ ಕಟ್ಟಿತು. ಬಸ್ಸಿನ ನೆಲದ ಮೇಲೆ, ಜನರ ಕಾಲುಗಳ ನಡುವೆ ಪಂಪು ತುಳಿದು ಕೂಸನ್ನು ಉಳಿಸಿಕೊಂಡಳು. ಅಲ್ಲೇ ಇಳಿದು ವಾಪಸ್ಸು ಬಂದಳು. ಆಗ ಅವ್ವ ಮೈಲವ್ವ ಗಟ್ಟಿಯಾಗಿದ್ದಳು, ತಾನೇ ಬಂದು ನೋಡಿ ಹೋದಳು. ಈಗ ಅವ್ವ ಏಳುವ ಹಾಗಿಲ್ಲ, ಮಗಳು ಹೋಗುವ ಹಾಗಿಲ್ಲ.

"ನಾ ಇರ್ತೇನಿ ಕೂಸಿನ ಹಂತ್ಯಾಕ. ನೀ ಹೋಗಿ ಬಾ," ಎಂದ ಸುನೀಲ.

ಶ್ರೀದೇವಿಗೆ ಅಳುವಿನಲ್ಲೂ ನಗು ಬಂತು. ಈತ ಕೋಲ್ಡ್ ಸ್ಟೋರೇಜಿನಲ್ಲಿ ದಿನವಿಡೀ ಮೆಣಸಿನಕಾಯಿ ಚೀಲ ಹೊರುವ ಆಳು. ಒಂದು ಸಲ ಧೈರ್ಯ ಮಾಡಿ ಮಗಳ ಕಫ ತೆಗೆಯಲು ಹೋಗಿ, ಕಫದಲ್ಲಿ ಒಂದು ಎಳೆ ನೆತ್ತರು ಕಂಡದ್ದೇ ತಡ, ದೊಪ್ಪನೆ ಬಿದ್ದಿದ್ದ. ಅವತ್ತು ಅವಳಿಗೆ ಕೂಸನ್ನು ನೋಡಬೇಕೋ ಗಂಡನ ಮುಖಕ್ಕೆ ನೀರು ಚಿಮುಕಿಸಬೇಕೋ ತಿಳಿದಿರಲಿಲ್ಲ.

"ನೀವು ಬಿದ್ರ ಎಬ್ಬಸಾಕ ಮತ್ತೊಬ್ಬಾಕಿ ಬೇಕಾಗ್ತಾಳ, ಸುಮ್ನಿರ್ರಿ," ಎಂದಳು.

ಉಳಿದವಳು ಒಬ್ಬಳೇ, ಅತ್ತೆ ಕರೆವ್ವ. ಆಕೆಯ ಹೆಸರೆತ್ತಿದರೆ ಶ್ರೀದೇವಿ ಮುಖ ತಿರುಗಿಸುತ್ತಿದ್ದಳು. ಕರೆವ್ವ ಕೆಟ್ಟವಳಲ್ಲ ಎಂದು ಓಣಿಯೆಲ್ಲ ಹೇಳುತ್ತದೆ. ಓಣಿಗೇನು, ಹೇಳುತ್ತದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು, ನೀರು ಕುದಿಸಿ ಆರಿಸಿ ಇಡುತ್ತಿದ್ದಳು, ಕೂಸಿನ ಅರಿವೆಗಳನ್ನು ಕೋಲಿನಿಂದಲೇ ಎತ್ತಿ ಬಿಸಿನೀರಿಗೆ ಹಾಕಿ ಕುದಿಸುತ್ತಿದ್ದಳು. ಆಮೇಲೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಎಲ್ಲ ಖರೆ. ಆದರೆ ಹುಬ್ಬಳ್ಳಿಯಿಂದ ಕೂಸು ಬಂದ ದಿನದಿಂದ ಒಳಖೋಲಿಯ ಹೊಸ್ತಿಲು ದಾಟಿಲ್ಲ, ಮೊಮ್ಮಗಳನ್ನಂತೂ ಹುಟ್ಟಿದಾಗಿನಿಂದ ಬೆರಳಿಂದಲೂ ಮುಟ್ಟಿಲ್ಲ. ಊಟದ ತಾಟನ್ನು ಹೊಸ್ತಿಲಾಚೆಯಿಂದ ನೂಕಿ ಹೋಗುತ್ತಾಳೆ, ಜೈಲಿನಲ್ಲಿ ಕೊಟ್ಟ ಹಾಗೆ. ಒಮ್ಮೆ ಶ್ರೀದೇವಿ ಕೂಸನ್ನು ಎತ್ತಿ ಚಾಚಿ "ಒಂದೀಟು ಹಿಡೀರಿ ಅತ್ತಿ" ಎಂದಾಗ ಕರೆವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಹಿಂದೆ ಸರಿದಿದ್ದಳು. ಹೇಸಿಗೆ. ಹೆಣ್ಣು ಕೂಸು, ಅದೂ ಕೊರಳು ಕೊರೆದ ಕೂಸು ಅಂತ ಹೇಸಿಗೆ. ಶ್ರೀದೇವಿ ಅವತ್ತೇ ತೀರ್ಮಾನ ಮಾಡಿದ್ದಳು. ಮತ್ತೆ ಕೇಳಲಿಲ್ಲ.

ಗುರುವಾರ ರಾಣೆಬೆನ್ನೂರಿನಿಂದ ಸ್ಕೂಟಿಯ ಮೇಲೆ ತರನ್ನುಮ ಸಿಸ್ಟರ್ ಬಂದರು. ದೊಡ್ಡ ಬೇನೆಯ ಮಕ್ಕಳಿರುವ ಮನೆಗಳಿಗೆ ಹೋಗಿ ನೋಡಿಕೊಂಡು ಬರುವುದು ಅವರ ಕೆಲಸ, ಟ್ರಸ್ಟೊಂದು ಅವರನ್ನು ಅದಕ್ಕೇ ನೇಮಿಸಿತ್ತು. ಬಾಯಿ ಬಲು ಜೋರು, ಕೈ ಮಾತ್ರ ಬೆಣ್ಣೆ. ಸ್ನೇಹಾಳ ಕೊರಳ ದಾರ ಬದಲಿಸಿದರು, ತೂತಿನ ಸುತ್ತ ಒರೆಸಿದರು, ಎದೆಗೆ ಕಿವಿಗೊಟ್ಟು ಕೇಳಿದರು. ಆಮೇಲೆ ತಲೆ ಎತ್ತಿ ತಾಯಿಯನ್ನು ನೋಡಿದರು.

"ಕೂಸು ಚಲೋ ಐತಿ. ನಿನ್ನ ಮಾರಿ ಯಾಕ ಹೆಣದ ಮಾರಿ ಆಗೇತಿ?"

ಶ್ರೀದೇವಿ ಅವ್ವನ ಸುದ್ದಿ ಹೇಳಿದಳು.

"ಹೋಗು ಮತ್ತ! ಇನ್ನೂ ಇಲ್ಲೇ ಕುಂತೀಯಲ್ಲ."

"ಯಾರ ಕೈಯಾಗ ಬಿಟ್ಟು ಹೋಗ್ಲಿರಿ ಅಕ್ಕಾರ? ನೀವ ಒಂದಿನ ಕುಂದರ್ತೀರೇನು?"

"ಒಂದಿನ ಕುಂದರ್ತೇನವಾ. ಮುಂದಿನ ಸಲ? ಅದರ ಮುಂದಿನ ಸಲ? ಮೊದಲನೇ ದಿನಾನ ಹೇಳಿದ್ನಿಲ್ಲ, ಇದಕ್ಕ ಇಬ್ಬರು ಬೇಕು ಅಂತ. ಒಬ್ಬಾಕೀನ ಮಾಡಿದ್ರ ಒಂದ ಮನ್ಯಾಗ ಎರಡು ಬೇನಿ ಆಗ್ತಾವ." ಸಿಸ್ಟರ್ ಹೊರಗಿನ ಖೋಲಿಯ ಕಡೆ ತಿರುಗಿ ದನಿ ಏರಿಸಿದರು. "ಕರೆವ್ವಾರ! ಕೈ ತೊಳಕೊಂಡು ಒಳಗ ಬರ್ರಿ."

ಕರೆವ್ವ ಹೊಸ್ತಿಲ ತನಕ ಬಂದು ನಿಂತಳು. ಎಂದಿನಂತೆ ಕೈ ಸೆರಗಿನೊಳಗೆ ಹೋದವು. "ಬ್ಯಾಡ್ರಿ ನರ್ಸಬಾಯಿ. ನಾ ಒಳಗ ಬರಂಗಿಲ್ಲ."

ಶ್ರೀದೇವಿಗೆ ಎರಡು ವರ್ಷದ ಸಿಟ್ಟು ಒಮ್ಮೆಲೇ ಉಕ್ಕಿ ಬಂತು. "ಬರಂಗಿಲ್ಲರಿ ಅವರು! ಹೇಸಿಗಿ ಅವರಿಗೆ! ನನ್ನ ಕೂಸು ಕಂಡ್ರ ಹೇಸಿಗಿ! ನಮ್ಮವ್ವ ಅಲ್ಲಿ ಸಾಯಾಕತ್ತಾಳ, ನಾ ಇಲ್ಲಿ ಗೂಟಕ್ಕ ಕಟ್ಟಿದ ದನ ಆಗೇನಿ. ಒಂದಿನ, ಒಂದ ದಿನ ಹಿಡಕೊಂಡಿದ್ರ ನಿಮ್ಮ ಕೈ ಸವೀತಿತ್ತೇನ್ರಿ ಅತ್ತಿ?"

ಕರೆವ್ವ ಬಾಯಿ ತೆರೆದುಕೊಂಡು ನಿಂತಳು. ಸೊಸೆ ಬೇರೆ ಯಾವುದೋ ಮನೆಯ ಮಾತಾಡುತ್ತಿದ್ದಾಳೆ ಎನ್ನುವ ಹಾಗಿತ್ತು ಆಕೆಯ ಮುಖ.

"ಹೇಸಿಗಿ? ನನಗ? ಯಾಕಬೇ, ನಾ ತೊಟ್ಟು ಬಿಡಸಾಕಿ!"

"ಅದಕ್ಕೇನೀಗ?"

"ಅದಕ್ಕೇನಂದ್ರ? ನನ್ನ ಕೈ ಖಾರದ ಕೈಯಲ್ಲೇನ? ಮೂವತ್ತು ವರ್ಷದ ಖಾರ ಉಗುರಿನಾಗ ಕುಂತೈತಿ. ಮಜ್ಜಿಗ್ಯಾಗ ತೊಳಿ, ಸಬಕಾರ ಹಚ್ಚು, ಹೋಗಂಗಿಲ್ಲ. ತೊಟ್ಟು ಬಿಡಸೋರು ಕೂಸಿನ ಮೈ ಮುಟ್ಟಬಾರದು ಅನ್ನೋದು ಈ ಓಣ್ಯಾಗ ಯಾರಿಗೆ ಗೊತ್ತಿಲ್ಲ? ಯಾವ ಮುದುಕಿ ಇಲ್ಲಿ ಮೊಮ್ಮಕ್ಕಳಿಗೆ ಎಣ್ಣಿ ಹಚ್ಚಿ ಎರೆದಾಳ ಹೇಳು ನೋಡೋಣ! ಅರಿವಿ ಸೈತ ನಾ ಕೋಲಿನಿಂದ ಎತ್ತತೇನಿ. ಒಳಗ ಬಂದ್ರ ಕೂಸನ್ನ ಮುಟ್ಟದ ಇರಾಕ ನನಗ ಆದೀತೇನ? ಇದಕ್ಕರ ಕೊರಳ ಸೀಳಿ ಇಟ್ಟಾರ. ಒಳಗಿನ ಎಳೇ ಮಾಂಸಕ್ಕ ನನ್ನ ಬೆರಳು ತಾಗಿದ್ರ ಕೂಸು ಉಳೀತದೇನ?"

"ಹಂಗಂತ ಹೇಳಬೇಕಿಲ್ಲೇನ್ರಿ ಅತ್ತಿ?" ಶ್ರೀದೇವಿಯ ದನಿ ಬಿದ್ದುಹೋಗಿತ್ತು.

"ಹೇಳೋದೇನೈತಿ ಇದರಾಗ? ಎಲ್ಲಾರಿಗೂ ಗೊತ್ತಿದ್ದದ್ದ."

ಬ್ಯಾಡಗಿಯಲ್ಲಿ ಎಲ್ಲರಿಗೂ ಗೊತ್ತು, ನಿಜ. ಆದರೆ ಶ್ರೀದೇವಿ ಕರ್ಜಗಿಯ ಮಗಳು. ಜೋಳ, ಹತ್ತಿ ಬೆಳೆಯುವ ಊರು ಅದು. ಅಲ್ಲಿನ ಅಜ್ಜಿಯರು ಸೆಗಣಿ ಬಳಿದ ಕೈಯನ್ನು ಸೀರೆಗೆ ಒರೆಸಿ ಕೂಸನ್ನು ಎತ್ತಿಕೊಳ್ಳುತ್ತಾರೆ. ಖಾರದ ಕೈ ಎಂಬುದೊಂದಿದೆ, ಅದು ಕೂಸಿನಿಂದ ದೂರ ಇರಬೇಕು ಎಂದು ಅವಳಿಗೆ ಯಾರು ಹೇಳಬೇಕಿತ್ತು? ಸುನೀಲನಿಗೂ ಹೊಳೆದಿರಲಿಲ್ಲ. ಅವನು ಹುಟ್ಟಿದಾಗಿನಿಂದ ಅಜ್ಜಿಯರನ್ನು ಹಾಗೇ ಕಂಡವನು. ಸೊಸೆ ಅತ್ತೆಯನ್ನು ಕಟುಕಿ ಎಂದುಕೊಂಡಳು, ಅತ್ತೆ ಸೊಸೆಯನ್ನು ತಿಳಿದವಳು ಎಂದುಕೊಂಡಳು. ಹೀಗೆ ಒಂದು ಹೊಸ್ತಿಲಿನ ಆಚೆ ಈಚೆ ಎರಡು ವರ್ಷ ಕಳೆದಿತ್ತು. ಶ್ರೀದೇವಿಗೆ ಆಗ ಸಮಾಧಾನ ಆಗಲಿಲ್ಲ, ಯಾರನ್ನಾದರೂ ಹಿಡಿದು ಬಡಿಯಬೇಕು ಅನ್ನಿಸಿತು.

ತರನ್ನುಮ ಸಿಸ್ಟರ್ ಹಣೆ ಬಡಿದುಕೊಂಡರು. "ಯಾ ಅಲ್ಲಾ! ನನ್ನ ಚೀಲದಾಗ ಗ್ಲೌಸು ಡಬ್ಬಿಗಟ್ಟಲೆ ಅದಾವಲ್ಲ!"

ತೆಳ್ಳನೆಯ ರಬ್ಬರಿನ ಆ ಗ್ಲೌಸನ್ನು ಕರೆವ್ವ ಬೆಳಕಿಗೆ ಹಿಡಿದು ನೋಡಿದಳು. ಇದು ಖಾರ ತಡೆಯುತ್ತದೆ ಎಂದು ಯಾರು ಹೇಳಿದರು ಎಂದು ಕೇಳಿದಳು. ಸಿಸ್ಟರ್ ಉತ್ತರ ಹೇಳುವುದರೊಳಗೆ ಅದನ್ನು ಎಳೆದೆಳೆದು ಹಾಕಿಕೊಂಡು, ಆ ಬೆರಳಿನಿಂದ ತನ್ನ ಎಡಗಣ್ಣನ್ನೇ ತಿಕ್ಕಿಕೊಂಡುಬಿಟ್ಟಳು.

"ಏನ ಮಾಡಾಕತ್ತೀರಿ ಯವ್ವಾ!" ಎಂದು ಸಿಸ್ಟರ್ ಕೂಗಿದರು.

ಕಣ್ಣು ಕೆಂಡವಾಯಿತು. ನೀರು ಸುರಿಯತೊಡಗಿತು. ಕರೆವ್ವ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದಳು. "ನೋಡಿದ್ರಿ? ನಾ ಏನ ಹೇಳಿದ್ನಿ? ಇದು ಆಗೂ ಮಾತಲ್ಲ." ಅಲ್ಲಿಗೆ ಮುಗಿಯಿತು ಎಂದು ಶ್ರೀದೇವಿ ಕೂಸಿನ ಕಡೆ ತಿರುಗಿ ಕುಳಿತಳು.

ಸಿಸ್ಟರಿಗೆ ಮಾತ್ರ ವಿಷಯ ಹೊಳೆಯಿತು. ಖಾರದ ಬೆರಳಿನಿಂದ ಗ್ಲೌಸಿನ ಹೊರಮೈ ಹಿಡಿದು ಎಳೆದರೆ ಖಾರ ಹೊರಗೇ ಹತ್ತುತ್ತದಲ್ಲ! ಆಪರೇಶನ್ ಕೋಣೆಯಲ್ಲಿ ನರ್ಸುಗಳು ಹಾಕಿಕೊಳ್ಳುವ ಕ್ರಮವೇ ಬೇರೆ. ಮಡಚಿದ ಅಂಚಿನ ಒಳಮೈಯನ್ನಷ್ಟೇ ಹಿಡಿಯಬೇಕು, ಹೊರಮೈ ಮುಟ್ಟಲೇಬಾರದು. ಅವರು ಕರೆವ್ವನ ಕೈಗೆ ಎಣ್ಣೆ ತಿಕ್ಕಿಸಿ, ಸಾಬೂನಿನಿಂದ ತೊಳೆಸಿ, ಆ ಕ್ರಮವನ್ನು ಕಲಿಸಿದರು. ಮುದುಕಿ ಒಂದು ಜೊತೆ ಹರಿದಳು, ಇನ್ನೊಂದು ಜೊತೆ ಉಲ್ಟಾ ಹಾಕಿದಳು, ಬೈದುಕೊಂಡಳು, ಬೈಸಿಕೊಂಡಳು. ಕಡೆಗೆ ಸರಿಯಾಗಿ ಹಾಕಿಕೊಂಡದ್ದೇ, ಸಿಸ್ಟರ್ ತಡೆಯುವಷ್ಟರಲ್ಲಿ ಬಲಗಣ್ಣಿಗೆ ಬೆರಳು ಹಾಕಿಯೇ ಬಿಟ್ಟಳು. ಎಲ್ಲರೂ ಕಾದರು. ಎಡಗಣ್ಣು ಸುರಿಯುತ್ತಲೇ ಇತ್ತು, ಬಲಗಣ್ಣು ಮಾತ್ರ ಪಿಳಿಪಿಳಿ ನೋಡುತ್ತಿತ್ತು.

"ಉರಿಯಂಗಿಲ್ಲ," ಎಂದಳು ಕರೆವ್ವ. ಮತ್ತೊಮ್ಮೆ ತಿಕ್ಕಿ ನೋಡಿದಳು. "ಖರೇನ ಉರಿಯಂಗಿಲ್ಲಬೇ ಶ್ರೀದೇವಿ!"

ಹೊಸ್ತಿಲು ದಾಟಿ ಬಂದವಳು ಹಾಸಿಗೆಯ ಪಕ್ಕ ಕುಸಿದು ಕುಳಿತು, ಹೊಸ ಗ್ಲೌಸು ಹಾಕಿದ ಕೈಯಿಂದ ಮೊಮ್ಮಗಳ ಪಾದ ಹಿಡಿದಳು. ಕೂಸು ಆಕೆಯ ಮೂಗುತಿಯನ್ನು ಹಿಡಿದೆಳೆಯಿತು. ಆಮೇಲೆ ಕರೆವ್ವ ಅತ್ತದ್ದು ಖಾರಕ್ಕಲ್ಲ.

ಸಿಸ್ಟರ್ ಮರುದಿನವೂ ಬಂದರು, ಅದರ ಮರುದಿನವೂ. ಯಂತ್ರದ ಸಣ್ಣ ಕೊಳವೆಯನ್ನು ನಳಿಗೆಯೊಳಗೆ ಎಷ್ಟು ಇಳಿಸಬೇಕು, ಹೇಗೆ ತಿರುವುತ್ತ ತೆಗೆಯಬೇಕು ಎಂದು ತೋರಿಸಿದರು. "ಕೊಳವಿ ಒಳಗಿದ್ದಾಗ ಕೂಸಿಗೆ ಉಸಿರಿಲ್ಲ, ತಿಳೀತಿಲ್ರಿ? ಅದಕ್ಕ ನೀವೂ ಉಸಿರು ಹಿಡೀರಿ. ನಿಮಗ ಸಾಕಾತು ಅಂದ್ರ ಅದಕ್ಕೂ ಸಾಕಾತು ಅಂತ, ತಗದಬಿಡ್ರಿ." ಕರೆವ್ವ ಉಸಿರು ಹಿಡಿದವಳು ಕೊಳವೆ ತೆಗೆದ ಮೇಲೂ ಬಿಡುವುದನ್ನೇ ಮರೆತು ಮುಖ ಕಪ್ಪಿಡುತ್ತಿದ್ದಳು. "ಬಿಡ್ರಿ ಕರೆವ್ವಾರ, ಉಸಿರು ಬಿಡ್ರಿ, ನಿಮ್ಮನ್ನ ಯಾರು ನೋಡಬೇಕು!" ಎಂದು ಸಿಸ್ಟರ್ ಬೈಯುತ್ತಿದ್ದರು. ಕಾಲುಪಂಪು ತುಳಿಯುವುದೂ ಬಂತು. ತೊಟ್ಟು ಬಿಡಿಸುವ ಕೆಲಸಕ್ಕೆ ಸದ್ಯಕ್ಕೆ ಬರುವುದಿಲ್ಲ ಎಂದು ಕರೆವ್ವ ಹೇಳಿ ಕಳಿಸಿದಳು.

"ಇನ್ನ ಹೋಗು," ಎಂದರು ಸಿಸ್ಟರ್ ಶ್ರೀದೇವಿಗೆ.

ಈಗ ನೋಡಿ ವಿಚಿತ್ರ. ಬಾಗಿಲು ತೆರೆಯಿತು, ಕಾಲೇ ಏಳಲಿಲ್ಲ. ಅತ್ತೆ ಕೊಳವೆ ಹಿಡಿದಾಗಲೆಲ್ಲ ಶ್ರೀದೇವಿಯ ಕೈ ತಾನೇ ಮುಂದೆ ಹೋಗುತ್ತಿತ್ತು. ನಾಳೆ ಹೋಗುತ್ತೇನೆ ಎಂದಳು. ಆ ನಾಳೆ ಬಂದಾಗ ಕೂಸಿನ ಕಫ ಗಟ್ಟಿ ಇದೆ, ಇನ್ನೊಂದು ದಿನ ನೋಡೋಣ ಎಂದಳು. ತನ್ನ ಹೊರತು ಇನ್ನಾರ ಕೈಯಲ್ಲಿದ್ದರೂ ಮಗಳು ಸಾಯುತ್ತಾಳೆ ಎಂಬುದು ಅವಳ ಎಲುಬಿಗಿಳಿದಿತ್ತು. ಅತ್ತ ಅವ್ವ, ಇತ್ತ ಮಗಳು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಎಚ್ಚರಿದ್ದು ಎಚ್ಚರಿದ್ದು ಕಣ್ಣ ಮುಂದೆ ಹುಳ ಹಾರುತ್ತಿದ್ದವು, ಆದರೂ ಮಲಗಲಿಲ್ಲ.

ಗಿರಿಯಪ್ಪನ ಫೋನು ಮತ್ತೆ ಬಂತು. "ಇವತ್ತ ಬಂದ್ರ ಬಂದಿ," ಎಂದ, ಅಷ್ಟೇ.

ಕರೆವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. "ಏಳು. ನನ್ನ ಹೆತ್ತವ್ವ ಸಾಯಾಗ ನಾ ಇದ್ನಿ. ನೀನೂ ಇರಬೇಕು. ಇದರ ಉಸಿರು ನನ್ನ ಉಸಿರು ಅಂತ ತಿಳಿ. ಹೋಗು!" ಸುನೀಲ ಮೊಬೈಲು ಅವಳ ಕೈಗಿಟ್ಟು, ಬಸ್ಸಿನಲ್ಲಿ ಕೂರಿಸಿ ಬಂದ.

ಬಸ್ಸಿನಲ್ಲೂ ಅವಳು ಆ ಖೋಲಿಯಲ್ಲೇ ಇದ್ದಳು. ಮುಂದಿನ ಸೀಟಿನ ಮುದುಕ ಕೆಮ್ಮಿದರೆ ಇವಳ ಬೆರಳು ಏಳುತ್ತಿದ್ದವು. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಬ್ಯಾಡಗಿಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಅದರ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೂ ಬಿಟ್ಟಿದ್ದಳು. ಆಗ ಪಕ್ಕದ ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರ್ "ಕರ್ಜಗಿ, ಕರ್ಜಗಿ" ಎಂದು ಕೂಗಿದ. ತಾಯಿಯ ಮುಖ ಕಣ್ಣಿಗೆ ಕಟ್ಟಿತು. ಅಳುತ್ತಲೇ ಕಾಲು ಕೆಳಗಿಳಿಸಿ ಕರ್ಜಗಿಯ ಬಸ್ಸು ಹತ್ತಿದಳು.

ಮೈಲವ್ವ ಪಡಸಾಲೆಯಲ್ಲಿ ಹಾಸಿದ ಕೌದಿಯ ಮೇಲೆ ಮಲಗಿದ್ದಳು. ಹೊಟ್ಟೆಯೊಂದು ಬಿಟ್ಟರೆ ಬರೀ ಎಲುಬು. ಮಗಳನ್ನು ನೋಡಿ ಆಕೆಯ ಕಣ್ಣು ಅರಳಿದವು, ಆಮೇಲೆ ಗಾಬರಿಯಾದವು.

"ಕೂಸಿನ ಹಂತ್ಯಾಕ ಯಾರದಾರ?"

"ಅತ್ತಿ ಅದಾರ ಯವ್ವಾ. ಎಲ್ಲಾ ಕಲತಾರ."

"ಕರೆವ್ವ ಬೀಗತಿ? ಖರೇನ?" ಮೈಲವ್ವ ನಕ್ಕಳು. ಹಲ್ಲಿಲ್ಲದ ಆ ನಗುವನ್ನು ನೋಡಿ ಶ್ರೀದೇವಿಗೆ ಬಂದದ್ದು ಸಾರ್ಥಕವಾಯಿತು ಅನ್ನಿಸಿತು. ಹೇಳುವುದು ಗುಡ್ಡದಷ್ಟಿತ್ತು. ಖಾರದ ಕೈಯ ಕಥೆ ಹೇಳಬೇಕು, ಅತ್ತೆ ಎರಡೂ ಕಣ್ಣು ತಿಕ್ಕಿಕೊಂಡದ್ದು ಹೇಳಿ ನಗಿಸಬೇಕು, ತಲೆ ಬಾಚಬೇಕು, ಗಂಜಿ ಕುಡಿಸಬೇಕು. ಸಂಜೆಯ ಬಸ್ಸಿನ ತನಕ ಹೊತ್ತಿದೆ.

ಮೈಲವ್ವ ಮಗಳ ಕಣ್ಣ ಕೆಳಗಿನ ಕಪ್ಪನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ನೀ ಮಲಗಿ ಎಷ್ಟ ದಿನಾತಬೇ?"

"ಮಲಗತೇನಿ ಬಿಡು."

"ಬಾ ಇಲ್ಲಿ. ಒಂದೀಟು ಬೆನ್ನ ಹಾಸು."

"ಮಲಗಾಕ ಬಂದೇನೇನ ಯವ್ವಾ? ನಿನ್ನ ಕೂಡ ಮಾತಾಡಾಕ ಬಂದೇನಿ."

"ಮಲಕೊಂಡ ಮಾತಾಡು," ಎಂದಳು ಮೈಲವ್ವ, ಕೌದಿಯಲ್ಲಿ ಜಾಗ ಬಿಟ್ಟು.

ಶ್ರೀದೇವಿ ತಾಯಿಯ ಪಕ್ಕ ಒರಗಿದಳು. ಮೈಲವ್ವ ಅವಳ ತಲೆಯ ಮೇಲೆ ಕೈಯಿಟ್ಟಳು. ಕಣ್ಣು ಮುಚ್ಚಿದರೂ ಇಲ್ಲಿ ಯಾರೂ ನೀಲಿಗಟ್ಟುವುದಿಲ್ಲ. "ಯವ್ವಾ, ಅತ್ತಿ ಏನ ಮಾಡಿದ್ರು ಗೊತ್ತೇನ..." ಎಂದಳು. ಅಷ್ಟೇ ಹೇಳಿದ್ದು ಅವಳಿಗೆ ನೆನಪು.

ಎಚ್ಚರಾದಾಗ ಬಿಸಿಲು ಪಡಸಾಲೆಯಿಂದ ಸರಿದು ಅಂಗಳಕ್ಕೆ ಹೋಗಿತ್ತು. ಎಲ್ಲಿದ್ದೇನೆಂದು ತಿಳಿಯದೆ ಕೂಸಿಗಾಗಿ ಕೈ ತಡಕಾಡಿದಳು. ಸುತ್ತ ಕಾಲುಗಳು ಕಂಡವು. ಓಣಿಯ ಹೆಂಗಸರು ಗೋಡೆಯುದ್ದಕ್ಕೂ ಕುಳಿತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಗಿರಿಯಪ್ಪ ಕಂಬಕ್ಕೆ ತಲೆ ಕೊಟ್ಟು ಕುಳಿತಿದ್ದ. ಅವ್ವನ ಕೈ ಇನ್ನೂ ತಲೆಯ ಮೇಲೆಯೇ ಇತ್ತು. ಅದು ತಣ್ಣಗಿತ್ತು.

"ಯಾವಾಗೋ?" ಎಂದಳು ಶ್ರೀದೇವಿ.

"ಈಗ ಸ್ವಲ್ಪ ಹೊತ್ತಾತು."

"ಎಬ್ಬಸಲಿಲ್ಲ ಯಾಕೋ? ಮಾತಾಡಲಿಲ್ಲೇನ ಆಕಿ?"

"ಮಾತಾಡಿದ್ಲವಾ. ಎರಡ ಸಲ ಎಬ್ಬಸಾಕ ಬಂದ್ನಿ. ಮುಟ್ಟಬ್ಯಾಡ ಅಂದ್ಲು. ಮಲಗೇತಿ ನನ್ನ ಕೂಸು, ಎಬ್ಬಸಿದ್ರ ಮತ್ತ ಯಾವಾಗ ಮಲಗ್ತೈತೋ ಅಂದ್ಲು. ನಮ್ಮನ್ನೆಲ್ಲಾ ಸುಮ್ಮ ಕುಂದರಿಸಿದ್ಲು. ಸಂಕಟ ಆದಾಗ ನರಳಲೂ ಇಲ್ಲ, ಸೆರಗು ಕಚ್ಚಿಕೊಂಡ್ಲು."

"ನೋಡಾಕ ಬಂದಿದ್ನೋ ಅಣ್ಣಾ," ಎಂದಳು ಶ್ರೀದೇವಿ. "ನಾ ಆಕೀನ್ನ ನೋಡಾಕ ಬಂದಿದ್ನಿ."

"ಆಕೀನೂ ನಿನ್ನ ನೋಡಾಕ ಕಾದಿದ್ಲವಾ," ಎಂದ ಗಿರಿಯಪ್ಪ. "ನೋಡಕೋತನ ಹೋದ್ಲು."